ಶಾಲೆಯ ಅಂಗಳಕ್ಕೆ ಯಾವ ಮರ?



ಸಂಘದ ಕಛೇರಿಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಗೊಬ್ಬರದ ದಾಸ್ತಾನು, ಮೈಲುತುತ್ತದ ಬೆಲೆ, ಸಾಲದ ಗಡುವು ಇಂಥವೇ. ಕಳೆದ ಫೆಬ್ರವರಿಯಲ್ಲಿ ಬಂದ ಒಂದು ಕಾಗದ ಮಾತ್ರ ಬೇರೆ ತರಹದ್ದು. ನಮ್ಮ ಸಂಘದ ವ್ಯಾಪ್ತಿಯಲ್ಲೇ ಇರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯವರು ಬರೆದಿದ್ದರು. ಬರುವ ಮಳೆಗಾಲಕ್ಕೆ ಸಂಘದ ಸಸ್ಯಕ್ಷೇತ್ರದಿಂದ 100 ಸಿಲ್ವರ್ ಓಕ್ ಸಸಿ ಮತ್ತು 150 ಅಡಿಕೆ ಸಸಿಗಳನ್ನು ಅರ್ಧ ಬೆಲೆಗೆ ಕೊಡಬೇಕು, ಹತ್ತು ವರ್ಷ ಕಳೆದರೆ ಶಾಲೆಗೆ ಒಂದು ಆದಾಯವಾಗುತ್ತದೆ ಎಂಬುದು ಅವರ ಬೇಡಿಕೆ. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಸಸಿ ನೆಡಲು ಜಾಗ ಸಾಲದೆ ಇರುವುದರಿಂದ ಅಂಗಳದ ಹಳೆಯ ಬಸರಿ ಮರವನ್ನು ತೆಗೆಸಲು ಅನುಮತಿಗೆ ಬರೆದುಕೊಂಡಿದ್ದೇವೆ.

ಮೊದಲ ಬೇಡಿಕೆಗೆ ಸಹಿ ಹಾಕುವುದು ಕಷ್ಟವೇನಲ್ಲ. ಶಾಲೆಗೆ ಸಸಿ ಕೊಟ್ಟರೆ ಬೇಡವೆನ್ನುವ ಸದಸ್ಯರು ನಮ್ಮಲ್ಲಿಲ್ಲ. ಆದರೆ ಆ ಕೊನೆಯ ಸಾಲು ನನ್ನನ್ನು ತಡೆಯಿತು. ಆ ಬಸರಿ ಮರದ ಕೆಳಗೆ ಕೂತು ಮಗ್ಗಿ ಹೇಳಿದವರು ನಮ್ಮ ಸದಸ್ಯರಲ್ಲೇ ಕನಿಷ್ಠ ಮೂವತ್ತು ಜನ ಇದ್ದಾರೆ. ಆದುದರಿಂದ ಒಮ್ಮೆ ಹೋಗಿ ನೋಡಿ ಬರೋಣವೆಂದು ಒಂದು ಶನಿವಾರ ಬೆಳಿಗ್ಗೆ ಹೊರಟೆ.

ಶಾಲೆಗೆ ಒಂದೂವರೆ ಎಕರೆ ಜಾಗವಿದೆ. ಹಿಂದಿನವರು ದಾನ ಕೊಟ್ಟ ಜಾಗ. ಮುಂದೆ ಬಾವುಟದ ಕಂಬ, ಎಡಕ್ಕೆ ಬಿಸಿಯೂಟದ ಅಡುಗೆ ಕೋಣೆ, ಬಲಕ್ಕೆ ಬಸರಿ ಮರ, ಹಿಂದೆ ಬೇಲಿಯ ಉದ್ದಕ್ಕೆ ಸಿಲ್ವರ್ ಓಕ್ ಮರಗಳ ಒಂದು ಸಾಲು. ಆ ಸಾಲು ನೋಡಿ ನನಗೇ ನಾಚಿಕೆಯಾಯಿತು. ಕೆಲವು ವರ್ಷಗಳ ಹಿಂದೆ ವನಮಹೋತ್ಸವದ ದಿನ ಸಂಘದಿಂದ 200 ಸಿಲ್ವರ್ ಓಕ್ ಸಸಿಗಳನ್ನು ಈ ಶಾಲೆಗೆ ಕೊಡಿಸಿದವನು ನಾನೇ. ಫೋಟೊ ತೆಗೆಸಿಕೊಂಡದ್ದೂ ಆಯಿತು, ಇದೇ ಪತ್ರಿಕೆಯಲ್ಲಿ ಹಾಕಿದ್ದೂ ಆಯಿತು. ಈಗ ಎಣಿಸಿದರೆ ಉಳಿದಿರುವುದು 17.

ಹೆಡ್‌ಮೇಡಂ ಅವರೇ ಬಂದು ಮಾತನಾಡಿಸಿದರು. “ಸಾರ್, ಮರ ಕಡಿಯೋಕೆ ನನಗೇನೂ ಇಷ್ಟ ಇಲ್ಲ. ಆದ್ರೆ ಹಣ್ಣಿನ ಕಾಲ ಬಂತು ಅಂದ್ರೆ ಮೆಟ್ಟಿಲ ತುಂಬ ಹಣ್ಣು, ಹಿಕ್ಕೆ. ಗುಡಿಸೋದಕ್ಕೆ ಆಳಿಲ್ಲ. ಮಕ್ಕಳ ಕೈಲಿ ಗುಡಿಸಿದ್ರೆ ಪೋಷಕರು ಜಗಳಕ್ಕೆ ಬರ್ತಾರೆ. ಒಣಕೊಂಬೆ ಯಾವತ್ತು ಬೀಳುತ್ತೋ ಅನ್ನೋ ಭಯ ಬೇರೆ.” ಇದರಲ್ಲಿ ಸುಳ್ಳೇನೂ ಇರಲಿಲ್ಲ. ಎಸ್‌ಡಿಎಂಸಿಯ ಹಿರಿಯರೊಬ್ಬರು ಇನ್ನೂ ನೇರವಾಗಿ ಹೇಳಿದರು: “ಅಲ್ಲ ಗೌಡ್ರೇ, ನಿಮ್ ತೋಟದಾಗೆ ಬಸರಿ ಕಡ್ದು ಸಿಲ್ವರ್ ಹಾಕ್ಲಿಲ್ವಾ? ನಮ್ ಇಸ್ಕೂಲಿಗೆ ಮಾತ್ರ ಯಾಕೆ ಬ್ಯಾಡ?”

ಇದಕ್ಕೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ನಿಜ, ನನ್ನ ತೋಟದಲ್ಲೂ ಸಿಲ್ವರ್ ಓಕ್ ಇದೆ, ನಿಮ್ಮ ತೋಟದಲ್ಲೂ ಇದೆ. ನೇರ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿಯಲು ಕಿರಿಕಿರಿ ಇಲ್ಲ, ಕಷ್ಟಕಾಲಕ್ಕೆ ದುಡ್ಡು. ಆಸ್ಟ್ರೇಲಿಯದಿಂದ ಬಂದ ಮರವೆಂದು ಅದನ್ನು ಹಳಿಯುವುದು ಸರಿಯಲ್ಲ. ಆದರೆ ತೋಟ ಬೇರೆ, ಶಾಲೆಯ ಅಂಗಳ ಬೇರೆ. ತೋಟದಲ್ಲಿ ನಾವು ಮರದ ಲೆಕ್ಕವನ್ನು ರೂಪಾಯಿಯಲ್ಲಿ ಹಾಕಬೇಕಾಗುತ್ತದೆ. ಅಂಗಳದಲ್ಲಿ ಆ ಲೆಕ್ಕ ಹಾಕಿದರೆ ಏನು ಉಳಿಯುತ್ತದೆ ಎಂಬುದನ್ನು ಅಂದೇ ಮಕ್ಕಳ ಜೊತೆ ಕೂತು ನೋಡಿದೆವು.

ಏಳನೇ ತರಗತಿಯ ಮಕ್ಕಳಿಗೆ ಒಂದು ಗಂಟೆಯ ಕೆಲಸ ಕೊಟ್ಟೆ. ಅರ್ಧ ಜನ ಬಸರಿ ಮರ ನೋಡಬೇಕು, ಅರ್ಧ ಜನ ಸಿಲ್ವರ್ ಓಕ್ ಸಾಲು ನೋಡಬೇಕು. ಬಂದು ಕೂರುವುದನ್ನೆಲ್ಲ ಬರೆದುಕೊಳ್ಳಬೇಕು. ಬಸರಿಯಲ್ಲಿ ಹಣ್ಣಿತ್ತು. ಕುಟ್ರ ಹಕ್ಕಿ, ಪಿಕಳಾರ, ಗೊರವಂಕ, ಗಿಳಿ, ಕೋಗಿಲೆ, ಎಲೆಯ ಬಣ್ಣಕ್ಕೂ ಮೈಬಣ್ಣಕ್ಕೂ ವ್ಯತ್ಯಾಸವೇ ಕಾಣದ ಹಸಿರು ಪಾರಿವಾಳ, ಅಳಿಲು, ಕಟ್ಟಿರುವೆ, ಪೊಟರೆಯಲ್ಲಿ ಒಂದು ತುಡುವೆ ಜೇನು. ಹೆಸರು ಗೊತ್ತಿಲ್ಲದ್ದನ್ನು ಮಕ್ಕಳು ಚಿತ್ರ ಬರೆದು ತಂದರು. ಹಕ್ಕಿಗಳೇ ಹನ್ನೊಂದು ಬಗೆ. ಸಿಲ್ವರ್ ಓಕ್ ಕಡೆಯವರು ಎರಡು ಕಾಗೆ, ಒಂದು ಕಾಜಾಣ ಬರೆದು, “ಸಾರ್, ನಮಗೂ ಆ ಮರ ಕೊಡಿ” ಎಂದು ಜಗಳ ತೆಗೆದರು. ನ್ಯಾಯವಾಗಿ ಹೇಳಬೇಕೆಂದರೆ, ಸಿಲ್ವರ್ ಓಕ್ ಹೂಬಿಡುವ ಕಾಲದಲ್ಲಿ ಅದಕ್ಕೂ ಜೇನು, ಸೂರಕ್ಕಿ ಬರುತ್ತವೆ. ಆಗ ಹೋಗಿದ್ದರೆ ಪಟ್ಟಿ ಇನ್ನಷ್ಟು ಉದ್ದವಾಗುತ್ತಿತ್ತು. ಹಾಗಾಗಿ ಇದನ್ನು ಸಂಶೋಧನೆ ಎಂದು ಯಾರೂ ತಿಳಿಯಬಾರದು. ಆದರೆ ಹೂವು ಮುಗಿದ ಮೇಲೆ ಆ ಸಾಲಿನಲ್ಲಿ ತಿನ್ನಲಿಕ್ಕೆ ಏನೂ ಇಲ್ಲ ಎಂಬುದು ಮಾತ್ರ ಖಂಡಿತ.

ಇನ್ನು ಅಡಿಕೆಯ ಮಾತು. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಅಡಿಕೆ ಬೇಡವೆಂದು ಬರೆಯುತ್ತಿದ್ದೇನೆಂದು ಬೇಸರಿಸಬಾರದು, ಲೆಕ್ಕ ನೋಡಿ. ಒಂಬತ್ತು ಅಡಿ ಅಂತರದಲ್ಲಿ 150 ಸಸಿ ಇಡಲು ಹನ್ನೊಂದು ಗುಂಟೆ ಜಾಗ ಬೇಕು. ಬೇಸಿಗೆಯಲ್ಲಿ ಹನಿ ನೀರಾವರಿ ಹಾಕಿದರೂ ಬೆಳೆದ ಮರಕ್ಕೆ ದಿನಕ್ಕೆ 16 ಲೀಟರಾದರೂ ನೀರು ಬೇಕಲ್ಲವೇ? 150 ಮರಕ್ಕೆ 2,400 ಲೀಟರ್ ಆಯಿತು. ಆ ಶಾಲೆಯಲ್ಲಿ ಮಾರ್ಚಿ ತಿಂಗಳಿನಲ್ಲಿ ಬಿಸಿಯೂಟದ ತಟ್ಟೆ ತೊಳೆಯುವುದಕ್ಕೇ ಪಂಚಾಯಿತಿ ನಲ್ಲಿ ಕಾಯಬೇಕು. ಫಸಲು ಹಿಡಿಯಲು ಐದಾರು ವರ್ಷವಾದರೂ ಬೇಕು. ಅಲ್ಲಿಯವರೆಗೆ ಗೊಬ್ಬರ, ಔಷಧಿ, ಕಳೆ ಯಾರು ನೋಡುತ್ತಾರೆ? ಅಷ್ಟು ಹೊತ್ತಿಗೆ ಮೇಡಂ ವರ್ಗವಾಗಿರುತ್ತಾರೆ, ಎಸ್‌ಡಿಎಂಸಿಯೂ ಬದಲಾಗಿರುತ್ತದೆ.

ನಲವತ್ತು ವರ್ಷದ ಹಿಂದಿನ ಒಂದು ತಪ್ಪು

ನಮ್ಮ ಶಾಲೆಗಳ ಅಂಗಳ ಹೀಗೆ ಬರಿದಾದದ್ದಕ್ಕೆ ಒಂದು ಇತಿಹಾಸವೇ ಇದೆ. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವ ಪ್ರಾರಂಭಿಸಿದಂದಿನಿಂದ ಪ್ರತಿ ಜುಲೈ ತಿಂಗಳಿನಲ್ಲಿ ನಮ್ಮ ಶಾಲೆಗಳಲ್ಲಿ ಗುಂಡಿ ತೋಡುವುದು ನಡೆದೇ ಇದೆ. ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ಇಡುವುದರಿಂದ ಗುಂಡಿ ತೋಡುವ ಶ್ರಮವಾದರೂ ಉಳಿಯುತ್ತದೆ! 1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಪ್ರಾರಂಭವಾಯಿತು. ಅದಾದ ಎರಡು ಮೂರು ವರ್ಷದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಲಾರಿಯಲ್ಲಿ ಸಸಿ ಬಂದವು. ನಾವೆಲ್ಲ ಸಂತೋಷದಿಂದ ನೆಟ್ಟೆವು. ಎಲ್ಲವೂ ನೀಲಗಿರಿ. ಅರಸೀಕೆರೆ, ಜಾವಗಲ್ ಕಡೆಯ ರಾಗಿ ಹೊಲಗಳಲ್ಲೂ ಆಗ ನೀಲಗಿರಿ ಎದ್ದು ನಿಂತದ್ದು ಹಿರಿಯರಿಗೆ ನೆನಪಿರಬಹುದು. ಬೇಗ ಬೆಳೆಯಿತು, ಬೇಗ ಕಡಿದರು, ದುಡ್ಡೂ ಬಂತು. ಅದರ ಕೆಳಗೆ ಹುಲ್ಲು ಹುಟ್ಟಲಿಲ್ಲ, ಅದರ ಮೇಲೆ ಗೂಡು ಕಟ್ಟಲಿಲ್ಲ. ನಾನು ಮುಂದೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು. ಆದರೂ ಅದೇ ತಪ್ಪನ್ನು ಸಿಲ್ವರ್ ಓಕ್ ರೂಪದಲ್ಲಿ ಮತ್ತೆ ಮಾಡಿದೆನಲ್ಲ ಎಂಬುದೇ ನನಗೆ ಸೋಜಿಗ.

ಮೇಲಿನವರು ಹೇಳದೆ ಇದ್ದಾರೆಂದಲ್ಲ. ಪರಿಸರದ ಪಾಠ ಎಲ್ಲ ಮಕ್ಕಳಿಗೂ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಆಜ್ಞೆ ಮಾಡಿತು. 2001ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಪಡೆ ಎಂಬ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳನ್ನು ತೆರೆಯಿಸಿತು. 2024ರ ಜೂನ್ 5ರಂದು ತಾಯಿಯ ಹೆಸರಿನಲ್ಲಿ ಒಂದು ಮರ ಎಂಬ ಅಭಿಯಾನ ಬಂತು. ಎಲ್ಲವೂ ಒಳ್ಳೆಯದೇ. ಆದರೆ ಯಾವ ಮರ, ಎಲ್ಲಿ, ಬೇಸಿಗೆಯಲ್ಲಿ ನೀರು ಯಾರು ಹಾಕಬೇಕು ಎಂಬ ಮೂರು ಪ್ರಶ್ನೆಗಳಿಗೆ ದೆಹಲಿಯಿಂದ ಉತ್ತರ ಬರುವುದಿಲ್ಲ. ಅದಕ್ಕೆ ಇಲ್ಲಿಯವರೇ ಬೇಕು. ನಮ್ಮಷ್ಟು ಮರದ ಸಂಗಡ ಬದುಕಿದವರು ಬೇರೆ ಯಾರಿದ್ದಾರೆ?

ಹೊರದೇಶದವರು ಈಗ ಈ ಕೆಲಸಕ್ಕೆ ಕೈ ಹಾಕಿದ್ದಾರೆ. ಇಂಗ್ಲೆಂಡಿನಲ್ಲಿ 2023ರಲ್ಲಿ ದೇಶದ ಶಾಲಾ ಅಂಗಳಗಳನ್ನೆಲ್ಲ ಒಟ್ಟಿಗೆ ಒಂದು ದೊಡ್ಡ ನಿಸರ್ಗವನವೆಂದು ಭಾವಿಸಿ, ಮಕ್ಕಳೇ ನಕ್ಷೆ ಬರೆದು, ಎಲ್ಲಿ ಹುಲ್ಲು ಬಿಡಬೇಕು, ಎಲ್ಲಿ ನೀರು ನಿಲ್ಲಿಸಬೇಕು ಎಂದು ತೀರ್ಮಾನಿಸುವ ಯೋಜನೆ ಪ್ರಾರಂಭವಾಗಿದೆ. ಫಿನ್ಲೆಂಡಿನವರು 2020ರಲ್ಲಿ ಪ್ರಕಟಿಸಿದ ಪ್ರಯೋಗವಂತೂ ವಿಚಿತ್ರವಾದದ್ದು. ಮೂರರಿಂದ ಐದು ವರ್ಷದ ಮಕ್ಕಳ ಶಿಶುವಿಹಾರಗಳ ಬೋಳು ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲುಹಾಸು ತಂದು ಹಾಕಿದರು. 28 ದಿನ ಮಕ್ಕಳು ಅದರಲ್ಲಿ ಆಡಿದರು. ಅವರ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ಬಗೆ ಹೆಚ್ಚಿದ್ದಲ್ಲದೆ, ರಕ್ತದಲ್ಲಿ ರೋಗ ನಿರೋಧಕ ವ್ಯವಸ್ಥೆಗೆ ಸಂಬಂಧಪಟ್ಟ ಗುರುತುಗಳೂ ಒಳ್ಳೆಯದರ ಕಡೆಗೆ ಬದಲಾದವು. ನಮ್ಮಲ್ಲಿ ಇಂಟರ್‌ಲಾಕ್ ಇಟ್ಟಿಗೆ ಹಾಸಿ ಅಂಗಳವನ್ನು “ಅಭಿವೃದ್ಧಿ” ಮಾಡುವ ಉತ್ಸಾಹ ಹೆಚ್ಚುತ್ತಿರುವ ಹೊತ್ತಿಗೆ ಅವರು ಮಣ್ಣು ಹೊತ್ತು ತರುತ್ತಿದ್ದಾರೆ.

ನಮಗೇನು ಲಾಭ?

ಈ ಪ್ರಶ್ನೆ ಕೇಳುವ ಹಕ್ಕು ಸದಸ್ಯರಿಗಿದೆ. ಸಸಿಗೆ ಹೋಗುವುದು ಸಂಘದ ದುಡ್ಡು.

ರೊಬಸ್ಟ ಬೆಳೆಯುವವರು ಮೊದಲು ಕೇಳಿ. ಅರೇಬಿಕ ಗಿಡ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಕ್ಕೆ ಆ ಶಕ್ತಿಯಿಲ್ಲ. ಬೇರೆ ಗಿಡದ ಪರಾಗ ಬರಲೇಬೇಕು. ಗಾಳಿ ಸ್ವಲ್ಪ ತರುತ್ತದೆ, ಜೇನು ಹೆಚ್ಚು ತರುತ್ತದೆ. ಹೂಮಳೆ ಬಿದ್ದ ಮೇಲೆ ಹೂವು ಇರುವುದು ಕೆಲವೇ ದಿನ. ಆ ಕೆಲವು ದಿನಕ್ಕೆ ಜೇನು ಬೇಕೆಂದರೆ ಉಳಿದ ವರ್ಷವೆಲ್ಲ ಅದು ಎಲ್ಲಾದರೂ ತಿಂದು ಬದುಕಿರಬೇಕಲ್ಲ? 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ರಾಜ್ಯಗಳ ತುಡುವೆ ಜೇನು ಮುಕ್ಕಾಲುಪಾಲಿಗಿಂತ ಹೆಚ್ಚು ನಾಶವಾದಾಗ, ಪೆಟ್ಟಿಗೆ ಇಟ್ಟವರ ಪೆಟ್ಟಿಗೆಗಳೆಲ್ಲ ಖಾಲಿಯಾದವು. ಆ ಮೇಲೆ ಸಂತತಿ ಮತ್ತೆ ಎದ್ದದ್ದು ಇಂಥ ಹಳೆಯ ಮರದ ಪೊಟರೆಗಳಲ್ಲಿ ಉಳಿದ ಕುಟುಂಬಗಳಿಂದ. ಶಾಲೆಯ ಹೊಂಗೆ, ನೇರಳೆ, ಬೇಲಿಯ ಲಕ್ಕಿ ಗಿಡ, ಇವು ಕಾಫಿ ಹೂವಿಲ್ಲದ ಕಾಲದ ಮೇವು.

ಎರಡನೆಯದು ಹಕ್ಕಿ. ಕಾಫಿ ಕಾಯಿಕೊರಕ ನಮ್ಮ ದೇಶಕ್ಕೆ ಕಾಲಿಟ್ಟದ್ದು 1990ರಲ್ಲಿ, ಗೂಡಲೂರಿನ ಕಡೆಯಿಂದ. ಅದೇ ಹುಳುವಿನ ಮೇಲೆ ಕೋಸ್ಟರಿಕ ದೇಶದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವು ಗಿಡಗಳಿಗೆ ಬಲೆ ಕಟ್ಟಿ ಹಕ್ಕಿ ಬಾರದಂತೆ ಮಾಡಿ ಹೋಲಿಸಿ ನೋಡಿದರು. ಹಕ್ಕಿಗಳು ಬರಬಲ್ಲ ಗಿಡಗಳಲ್ಲಿ ಕೊರಕದ ಹಾವಳಿ ಸುಮಾರು ಅರ್ಧಕ್ಕಿಳಿದಿತ್ತು. ಸುತ್ತ ಮರಗುಂಪು ಹೆಚ್ಚಿದ್ದಲ್ಲಿ ಹಕ್ಕಿಯೂ ಹೆಚ್ಚು. ಅಲ್ಲಿಯ ಹಕ್ಕಿಗಳು ಬೇರೆ, ಇಲ್ಲಿಯವು ಬೇರೆ. ಅದೇ ಲೆಕ್ಕ ನಮ್ಮ ತೋಟದಲ್ಲಿ ಬರುತ್ತದೆಂದು ನಾನು ಹೇಳಲಾರೆ. ಆದರೆ ನಮ್ಮ ಪಶ್ಚಿಮ ಘಟ್ಟದ ತೋಟಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ರಬ್ಬರ್, ಅಡಿಕೆ ತೋಟಗಳಿಗಿಂತ ಕಾಫಿ ತೋಟದಲ್ಲೇ ಹಕ್ಕಿಗಳ ಬಗೆ ಹೆಚ್ಚೆಂದು ಕಂಡುಬಂದಿದೆ. ಕಾರಣ ನೆರಳಿನ ಮರಗಳೇ. ಬಿಳಿ ಕಾಂಡಕೊರಕಕ್ಕೂ ಬಿಸಿಲು ಬಿದ್ದ ಕಾಂಡವೇ ಪ್ರಿಯ ಎಂಬುದನ್ನು ಅರೇಬಿಕ ಬೆಳೆಯುವ ಯಾರಿಗೂ ಹೇಳಬೇಕಾಗಿಲ್ಲ. ತೋಟದಲ್ಲಿ ನೆರಳು ತೆಳ್ಳಗಾದಂತೆ ಊರ ನಡುವಿನ ಶಾಲೆ, ದೇವರ ಬನ, ಕೆರೆ ಏರಿ ಇವೇ ಹಕ್ಕಿಗೆ ತಂಗುದಾಣ. ಹಳೇಬೀಡಿನ ದೋರಸಮುದ್ರದ ಕೆರೆಯ ದಡದಲ್ಲಿ ಸಂಜೆ ನಿಂತವರಿಗೆ ಇದು ಗೊತ್ತು.

ಹಳೇಬೀಡಿನ ಮಾತು ಬಂದುದರಿಂದ ಒಂದು ವಿಷಯ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಎಲ್ಲೆಲ್ಲಿಂದಲೋ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದು ಹೊಯ್ಸಳೇಶ್ವರನ ಗೋಡೆಯ ಆನೆಸಾಲು, ಬಳ್ಳಿಸಾಲು, ಮಕರ, ಹಂಸಗಳನ್ನು ನೋಡಿ ಹೋಗುತ್ತಾರೆ. ಹನ್ನೆರಡನೆಯ ಶತಮಾನದ ಶಿಲ್ಪಿ ಬಳಪದ ಕಲ್ಲಿನಲ್ಲಿ ಎಲೆ, ಬಳ್ಳಿ, ಕೋತಿ, ಗಿಳಿ ಯಾವುದನ್ನೂ ಬಿಡದೆ ಕೆತ್ತಿದ. ಅದೇ ಊರಿನ ಸುತ್ತಿನ ಮಕ್ಕಳಿಗೆ ಶಾಲೆಯಲ್ಲಿ ಕಾಣುವುದು ಸಾಲು ಅಶೋಕ, ಕ್ರೋಟನ್, ಸಿಮೆಂಟು.

ಮಾಡುವುದು ಹೇಗೆ?

ನಮ್ಮ ತಾಲ್ಲೂಕಿನ ಒಂದು ವಿಶೇಷವೆಂದರೆ ಪಡುವಲಿಂದ ಮೂಡಲಿಗೆ ಬರುತ್ತ ಬರುತ್ತ ಮಳೆ ಇಳಿಯುತ್ತ ಹೋಗುತ್ತದೆ. ಅರೇಹಳ್ಳಿಯ ಶಾಲೆಗೆ ಹೊಂದುವ ಮರ ಹಳೇಬೀಡಿಗೆ ಹೊಂದದೆ ಇರಬಹುದು, ಜಾವಗಲ್ಲಿಗಂತೂ ಹೊಂದುವುದೇ ಇಲ್ಲ. ಮಲೆನಾಡಿನ ಅಂಚಿನ ಶಾಲೆಗಳಿಗೆ ನಂದಿ, ಹೊನ್ನೆ, ನೇರಳೆ, ರಂಜ, ಅತ್ತಿ ಒಳ್ಳೆಯದು. ಹಳೇಬೀಡಿನಿಂದ ಮೂಡಲಿಗೆ ಹೊಂಗೆ, ಬೇವು, ಹಿಪ್ಪೆ, ಮುತ್ತುಗ, ಕಕ್ಕೆ, ನೆಲ್ಲಿ, ಬಸರಿ. ಇವೆಲ್ಲದರಲ್ಲೂ ನಾನು ಮೊದಲ ಸ್ಥಾನ ಕೊಡುವುದು ಹೊಂಗೆಗೆ. ನೆರಳು ತಂಪು, ಹೂವಿಗೆ ಜೇನು ಮುತ್ತುತ್ತದೆ, ಸೊಪ್ಪು ಗೊಬ್ಬರ, ದನ ಹೆಚ್ಚು ಬಾಯಿ ಹಾಕುವುದಿಲ್ಲ, ಮಕ್ಕಳು ಕೊಂಬೆ ಮುರಿದರೂ ಮತ್ತೆ ಚಿಗುರುತ್ತದೆ. ಬಸರಿ, ಅತ್ತಿ, ಗೋಣಿಯಂಥ ಆಲದ ಜಾತಿಯ ಮರಗಳನ್ನು ಕಟ್ಟಡದಿಂದ ನಲವತ್ತು ಐವತ್ತು ಅಡಿ ದೂರವೇ ಇಡಬೇಕು. ಬೇರು ಪಾಯಕ್ಕೆ ನುಗ್ಗುತ್ತದೆ. ಇಂಥ ಮರ ಶಾಲೆಗೆ ಒಂದಿದ್ದರೆ ಸಾಕು. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲೂ ಇವುಗಳಲ್ಲಿ ಹಣ್ಣಿರುತ್ತದೆ ಎಂಬುದೇ ಇವುಗಳ ಹಿರಿಮೆ. ಹಾಲುವಾಣದ ಗೂಟ ನೆಡುವಂತೆಯೇ ಅತ್ತಿ, ಬಸರಿಯ ದಪ್ಪ ಗೂಟಗಳನ್ನೂ ಮುಂಗಾರಿನ ಪ್ರಾರಂಭದಲ್ಲಿ ನೆಡಬಹುದು. ಸಸಿಗಿಂತ ಬೇಗ ದನದ ಬಾಯಿಗೆ ಮೀರಿ ಬೆಳೆಯುತ್ತವೆ.

ಹಲಸಿನ ಬಗ್ಗೆ ಎಚ್ಚರಿಕೆ. ಹಲಸಿನಷ್ಟು ಒಳ್ಳೆಯ ಮರ ಇನ್ನೊಂದಿಲ್ಲ. ಆದರೆ ಬಿಕ್ಕೋಡು, ಅರೇಹಳ್ಳಿ ಕಡೆ ಆನೆಯ ಓಡಾಟ ಹೇಗಿದೆ ಎಂಬುದು ನಿಮಗೇ ಗೊತ್ತು. ಮೈಲಿ ದೂರದಿಂದ ಹಲಸಿನ ವಾಸನೆ ಹಿಡಿದು ಬರುವ ಪ್ರಾಣಿಯನ್ನು ಶಾಲೆಯ ಅಂಗಳಕ್ಕೆ ನಾವೇ ಕರೆದಂತಾಗಬಾರದು. ಆನೆ ಬರುವ ಊರುಗಳ ಶಾಲೆಯಲ್ಲಿ ಹಲಸು, ಬಾಳೆ, ಬೈನೆ ಯಾವುದನ್ನೂ ಇಡತಕ್ಕದ್ದಲ್ಲ.

ಮರಕ್ಕಿಂತ ಹೆಚ್ಚು ಉಪಕಾರಿ ಬೇಲಿ. ತಂತಿ ಬೇಲಿಯ ಒಳಮಗ್ಗುಲಲ್ಲಿ ನಾಲ್ಕು ಅಡಿ ಅಗಲದ ಪಟ್ಟಿ ಬಿಟ್ಟು ಲಕ್ಕಿ, ಆಡುಸೋಗೆ, ದಾಸವಾಳ, ಕವಳೆ, ಎಲಚಿ, ನಡುನಡುವೆ ಕರಿಬೇವು, ನಿಂಬೆ ಹಾಕಿದರೆ ಮೂರನೇ ವರ್ಷಕ್ಕೆ ಗುಬ್ಬಚ್ಚಿ ಗಾತ್ರದ ಹಕ್ಕಿಗಳೆಲ್ಲ ಅಲ್ಲೇ ಗೂಡು ಮಾಡುತ್ತವೆ. ಕರಿಬೇವು, ನಿಂಬೆಯ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ದೊಡ್ಡ ಚಿಟ್ಟೆಯ ಮರಿ. ಎಕ್ಕದ ಗಿಡ, ಕಕ್ಕೆ ಮರಗಳಿಗೂ ಅವವೇ ಚಿಟ್ಟೆಗಳುಂಟು. ನಮ್ಮ ರಾಜ್ಯದ ಚಿಟ್ಟೆಯೆಂದು ಸರ್ಕಾರ ಸಾರಿರುವ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿಯ ಜಾತಿಯ ಮೇಲೆ. ಆದರೆ ಆ ಬಳ್ಳಿ ಮೂತ್ರಪಿಂಡಕ್ಕೆ ವಿಷ. ಹಾವು ಕಚ್ಚಿದವರಿಗೆ ಅದರ ಬೇರು ಅರೆದು ಕೊಡುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ, ಅದನ್ನು ದಯವಿಟ್ಟು ಬಿಡಬೇಕು. ಶಾಲೆಯಲ್ಲಿ ಇಡುವುದಾದರೆ ಚಿಕ್ಕ ಮಕ್ಕಳ ಕೈಗೆ ಸಿಗದ ಕಡೆ ಇಡಬೇಕು.

ವಿಷದ ಗಿಡಗಳ ವಿಚಾರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಬೇಲಿಗೆ ಸುಲಭವೆಂದು ಹಾಕುವ ಕಾಡುಹರಳಿನ ಬೀಜ ಕಡಲೆಕಾಯಿಯ ರುಚಿಯಂತೆ. ತಿಂದ ಮಕ್ಕಳು ವಾಂತಿ ಭೇದಿಯಾಗಿ ಆಸ್ಪತ್ರೆ ಸೇರುವ ಸುದ್ದಿ ದೇಶದ ಒಂದಲ್ಲ ಒಂದು ಮೂಲೆಯಿಂದ ಬರುತ್ತಲೇ ಇರುತ್ತದೆ. ಕಣಗಿಲೆ, ಅದರಲ್ಲೂ ಹಳದಿ ಕಣಗಿಲೆಯ ಬೀಜ, ಹೃದಯಕ್ಕೇ ಹೊಡೆತ. ದತ್ತೂರಿ, ಗುಲಗಂಜಿ ಇವನ್ನೂ ಕಿತ್ತು ಹಾಕಬೇಕು. ಪಾರ್ಥೇನಿಯಂ ಹೂಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು, ದೊಡ್ಡವರೇ ಕೀಳಬೇಕು. ಸ್ವಾತಂತ್ರ್ಯ ದಿನಾಚರಣೆಗೆ ಮೊದಲು ಅಂಗಳಕ್ಕೆ ಕಳೆನಾಶಕ ಹೊಡೆಯುವ ಪದ್ಧತಿ ಕೆಲವು ಕಡೆ ಬಂದಿದೆ. ಬರಿಗಾಲಿನ ಮಕ್ಕಳು ಆಡುವ ಜಾಗ ಅದು. ನಮ್ಮ ಸಂಘವೂ ಕಳೆನಾಶಕ ಮಾರಿದೆ, ಆ ಹೊಣೆ ನಮ್ಮ ಮೇಲೂ ಇದೆ.

ಪೋಷಕರು ಕೇಳುವ ಮೊದಲ ಪ್ರಶ್ನೆ ಹಾವು. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತೆಂದರೆ ಭಯಕ್ಕೆ ಆಧಾರವಿದೆ ಎಂದೇ ಅರ್ಥ. ಹಾವು ಬರುವುದು ಮರಕ್ಕಲ್ಲ, ಇಲಿಗೆ ಮತ್ತು ಕಪ್ಪೆಗೆ. ಅಡುಗೆ ಕೋಣೆಯ ಹಿಂದಿನ ಸೌದೆ ರಾಶಿ, ಒಡೆದ ಹೆಂಚು, ಚೆಲ್ಲಿದ ಅನ್ನ ಇವನ್ನು ತೆಗೆದರೆ ಅರ್ಧ ಭಯ ಹೋಯಿತು. ಕೊಠಡಿ, ಕಾಲುದಾರಿ, ಶೌಚಾಲಯದ ಸುತ್ತ ಹುಲ್ಲು ಸವರಿರಬೇಕು. ಗಿಡಗುಂಪು ದೂರದ ಮೂಲೆಯಲ್ಲಿರಬೇಕು.

ಆ ದೂರದ ಮೂಲೆಯ ವಿಚಾರ ನನಗೆ ಬಹಳ ಮೆಚ್ಚುಗೆಯಾದದ್ದು. ಎರಡು ಗುಂಟೆ ಜಾಗಕ್ಕೆ ಬೇಲಿ ಹಾಕಿ, ದನ, ಆಡು, ಕತ್ತಿ, ಬೆಂಕಿ ಹೋಗದಂತೆ ನೋಡಿಕೊಂಡು ಸುಮ್ಮನೆ ಬಿಡುವುದು. ಲಾಂಟಾನ, ಪಾರ್ಥೇನಿಯಂ ಬಂದರೆ ಮಾತ್ರ ಕೀಳುವುದು. ನಡುವೆ ಒಂದು ಒಣಕೊಂಬೆ ನೆಟ್ಟರೆ ಪಿಕಳಾರ, ಕುಟ್ರ ಬಂದು ಕೂತು ಬೀಜ ಹಾಕಿ ಹೋಗುತ್ತವೆ. ಖರ್ಚು ಬೇಲಿಯದು ಮಾತ್ರ. ಮಕ್ಕಳು ವರ್ಷಕ್ಕೊಮ್ಮೆ ಯಾವ ಸಸಿ ಹುಟ್ಟಿತೆಂದು ಎಣಿಸಬಹುದು. ಮಾಧವ ಗಾಡ್ಗೀಳರು ಮೊದಲಾದವರ ಪ್ರಯತ್ನದಿಂದ, 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯದ ದಾಖಲೆ ಪುಸ್ತಕ ಇರಬೇಕೆಂದಾಗಿದೆ. ಎಷ್ಟೋ ಕಡೆ ಅದು ಬೀರುವಿನಲ್ಲಿದೆ. ಮಕ್ಕಳ ಪಟ್ಟಿ ಅದಕ್ಕೆ ಸೇರಲಿ.

ಈಗ ಎಲ್ಲಕ್ಕಿಂತ ಕಷ್ಟದ ಸಂಗತಿ. ನನ್ನ 200 ಸಸಿಗಳಲ್ಲಿ 183 ಸತ್ತದ್ದು ಯಾಕೆ? ಹೆಚ್ಚಿನವು ಮೊದಲ ಬೇಸಿಗೆಯಲ್ಲಿ ಸತ್ತವು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ. ಸಸಿಗೆ ನೀರು ಬೇಕಾದ ಏಳು ವಾರ ಅಲ್ಲಿ ಜನವೇ ಇಲ್ಲ. ಯಾವ ಯೋಜನೆಯ ಕಾಗದದಲ್ಲೂ ಈ ಮಾತಿಲ್ಲ. ಆದುದರಿಂದ ಶಾಲೆಗೆ ವರ್ಷಕ್ಕೆ 12ಕ್ಕಿಂತ ಹೆಚ್ಚು ಸಸಿ ಬೇಡ. ಆರಿದ್ರಾ, ಪುನರ್ವಸು ಮಳೆಯಲ್ಲಿ ನೆಟ್ಟು, ಎರಡಡಿ ಗುಂಡಿ ತೆಗೆದು, ಬುಡಕ್ಕೆ ಕಾಫಿ ಸಿಪ್ಪೆ ಅಥವಾ ತೆಂಗಿನ ಸಿಪ್ಪೆ ಮುಚ್ಚಬೇಕು. ಪ್ರತಿ ಸಸಿಯ ಪಕ್ಕ ತಳದಲ್ಲಿ ಸಣ್ಣ ತೂತಿರುವ ಮಡಕೆ ಹೂತು, ತೂತಿಗೆ ಬಟ್ಟೆಯ ಬತ್ತಿ ಸಿಕ್ಕಿಸಿ, ವಾರಕ್ಕೆರಡು ಬಾರಿ ತುಂಬಿದರೆ ರಜೆಯಲ್ಲೂ ಜೀವ ಹಿಡಿಯುತ್ತದೆ. ತುಂಬುವವರು ಯಾರು? ಆ ಊರಿನ ನಮ್ಮ ಸದಸ್ಯರೇ, ಸರದಿಯಂತೆ. ಬಿಸಿಯೂಟದ ಕೈತೊಳೆಯುವ ನೀರನ್ನು ಕಾಲುವೆ ತೆಗೆದು ಬೇಲಿಯ ಗಿಡಗಳಿಗೆ ಹಾಯಿಸಿದರೆ ಶಾಲೆ ನಡೆಯುವ ತಿಂಗಳುಗಳಲ್ಲಿ ಬೇರೆ ನೀರೇ ಬೇಡ.

ಚಾವಣಿಯ ನೀರಿನ ಲೆಕ್ಕ ಮಕ್ಕಳೇ ಹಾಕಬಹುದು. ನೂರು ಚದರ ಮೀಟರ್ ಚಾವಣಿಯ ಮೇಲೆ ಒಂದಿಂಚು ಮಳೆ ಬಿದ್ದರೆ ಎರಡೂವರೆ ಸಾವಿರ ಲೀಟರ್. ನಮ್ಮ ತೋಟದವರಿಗೆಲ್ಲ ಮಳೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವ ಅಭ್ಯಾಸ, ಬೆಳಿಗ್ಗೆ ಪರಸ್ಪರ ಕೇಳುವ ಮೊದಲ ಮಾತೇ “ನಿಮ್ಮಲ್ಲಿ ಎಷ್ಟು ಬಿತ್ತು?” ಎಂದು. ಒಂದೊಂದು ಮಳೆಮಾಪಕ ಶಾಲೆಗೂ ಕೊಡೋಣ. ಅದರ ಪಕ್ಕದಲ್ಲೇ ಒಂದು ನೋಟುಪುಸ್ತಕ: ಬಸರಿ ಯಾವತ್ತು ಎಲೆ ಉದುರಿಸಿತು, ಹೊಂಗೆ ಯಾವತ್ತು ಹೂಬಿಟ್ಟಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಸೀಸನ್‌ವಾಚ್ ಎಂಬ ಹೆಸರಿನಲ್ಲಿ ವಾರಕ್ಕೊಮ್ಮೆ ಒಂದೇ ಮರವನ್ನು ನೋಡಿ ಬರೆಯುವ ಕೆಲಸ ನಡೆಸುತ್ತಿದ್ದಾರೆ. ಕೇರಳದ ನೂರಾರು ಶಾಲೆಗಳ ಮಕ್ಕಳು ಅದರಲ್ಲಿದ್ದಾರೆ. ಕಾಡಂಚಿನ ಹಳ್ಳಿಗಳ ಮಕ್ಕಳಿಗಾಗಿ 2018ರಿಂದ ವೈಲ್ಡ್ ಶಾಲೆ ಎಂಬ ಕಾರ್ಯಕ್ರಮವೂ ನಮ್ಮ ರಾಜ್ಯದಲ್ಲೇ ನಡೆದಿದೆ. ನಮ್ಮ ಮೇಷ್ಟ್ರುಗಳು ಅವರಿಂದ ಪಟ್ಟಿ, ಚಿತ್ರಗಳನ್ನು ತರಿಸಿಕೊಳ್ಳಬಹುದು.

ಬಸರಿ ಮರದ ಕಥೆ ಏನಾಯಿತೆಂದು ನೀವು ಕೇಳುತ್ತೀರಿ. ಮಾರ್ಚಿ ಸಭೆಯಲ್ಲಿ ನಮ್ಮ ಆಡಳಿತ ಮಂಡಲಿ ಎರಡು ನಿರ್ಣಯ ಮಾಡಿತು. ಅಡಿಕೆ, ಸಿಲ್ವರ್ ಓಕ್ ಸಸಿಗಳ ಬದಲಿಗೆ ಸ್ಥಳೀಯ ಜಾತಿಯ ಸಸಿಗಳನ್ನು ಶಾಲೆಗೆ ಪುಕ್ಕಟೆ ಕೊಡುವುದು ಒಂದು. ಮರದ ಒಣಕೊಂಬೆಗಳನ್ನು ಅಪ್ಪಣೆ ಪಡೆದು ಮರಗಸಿಗೆ ಬರುವ ನುರಿತ ಆಳುಗಳಿಂದ ತೆಗೆಸಿ, ಹಣ್ಣಿನ ಕಾಲದಲ್ಲಿ ವಾರಕ್ಕೆರಡು ದಿನ ಗುಡಿಸುವ ಕೂಲಿಯನ್ನು ಸಂಘದ ಧರ್ಮಾರ್ಥ ನಿಧಿಯಿಂದ ಕೊಡುವುದು ಇನ್ನೊಂದು. ಎರಡನೆಯದಕ್ಕೆ ಇಬ್ಬರು ಸದಸ್ಯರ ವಿರೋಧವಿತ್ತು, ಅದನ್ನೂ ದಾಖಲಿಸಿದೆ. ಒಣಕೊಂಬೆಗಳನ್ನು ಏಪ್ರಿಲ್‌ನಲ್ಲಿ ತೆಗೆಸಿದ್ದಾಗಿದೆ. ಮರ ಕಡಿಯುವ ಅರ್ಜಿಯನ್ನು ಎಸ್‌ಡಿಎಂಸಿ ಇನ್ನೂ ಹಿಂತೆಗೆದುಕೊಂಡಿಲ್ಲ. ಶಾಲೆ ತೆರೆದ ಮೇಲೆ ಜೂನ್ ಸಭೆಯಲ್ಲಿ ನೋಡುತ್ತೇವೆಂದಿದ್ದಾರೆ. ಶಾಲೆಗೆ ಆದಾಯ ಬೇಕೆಂಬ ಅವರ ಮಾತಿಗೆ ನಮ್ಮ ಹತ್ತಿರ ಪೂರ್ತಿ ಉತ್ತರವಿಲ್ಲ. ಹುಣಸೆ, ನೆಲ್ಲಿ ಎರಡೆರಡು ಹಾಕಿದರೆ ಸ್ವಲ್ಪ ಬರಬಹುದು, ಅಷ್ಟೇ. ಆ ಊರಿನ ಸದಸ್ಯರು ಜೂನ್ ಸಭೆಗೆ ಖಂಡಿತ ಹೋಗಬೇಕು. ಹೆಡ್‌ಮೇಡಂ ಒಬ್ಬರ ಮೇಲೆ ಭಾರ ಹಾಕಿ ಕೂರುವುದು ನ್ಯಾಯವಲ್ಲ.

ಸಂಘದ ಸಸ್ಯಕ್ಷೇತ್ರದಲ್ಲಿ ಈ ಸಾಲಿಗೆ 1,000 ಚೀಲ ಮಣ್ಣು ತುಂಬಿಸಿಟ್ಟಿದೆ. ಬೀಜ ಬೇಕು. ಹೊಂಗೆ ಬೀಜ ಒಣಗಿದ್ದರೂ ನಡೆಯುತ್ತದೆ, ಈಗಲೇ ತನ್ನಿ. ನೇರಳೆ ಮತ್ತು ಬೇವಿನ ಬೀಜ ಮಾತ್ರ ಹಣ್ಣು ಬಿದ್ದ ಒಂದು ವಾರದೊಳಗೆ ಬಿತ್ತನೆಯಾಗಬೇಕು, ಎರಡು ವಾರ ಕಳೆದರೆ ಮೊಳೆಯುವ ಶಕ್ತಿ ಹೋಗುತ್ತದೆ; ತಿರುಳು ತೊಳೆದು, ನೆರಳಲ್ಲಿ ಆರಿಸಿ, ಬಟ್ಟೆ ಚೀಲದಲ್ಲಿ ತರಬೇಕು, ಪ್ಲಾಸ್ಟಿಕ್ಕಿನಲ್ಲಿ ಬೇಡ. ಯಾವ ಊರಿನ, ಯಾವ ಮರದ್ದು ಎಂದು ಚೀಟಿ ಬರೆದಿಡಿ. ಕಛೇರಿ ಬೆಳಿಗ್ಗೆ ಹತ್ತರಿಂದ ತೆರೆದಿರುತ್ತದೆ. ಸಂತೆಯ ದಿನ ಬರುವವರು ಗೋದಾಮಿನ ಕಾವಲುಗಾರರ ಹತ್ತಿರ ಕೊಟ್ಟು ಹೋದರೂ ಆಗುತ್ತದೆ.